ದುಡ್ಡು ಬಿಲ್ಡರ್‌ದು, ಲೆಕ್ಕ ನಗರದ್ದು

ಒಂದು ರಸ್ತೆಯ ಪಕ್ಕ 150 ಒಂಟಿ ಮನೆಗಳ ಬಡಾವಣೆ ಎದ್ದರೆ ಸಂಜೆ ಆ ರಸ್ತೆಗೆ ಎಷ್ಟು ಕಾರು ಹೆಚ್ಚಾಗುತ್ತವೆ? ಅಮೆರಿಕದಲ್ಲಿ ಇದಕ್ಕೆ ಎಲ್ಲರೂ ತೆಗೆಯುವುದು ಸಾರಿಗೆ ಎಂಜಿನಿಯರುಗಳ ಸಂಸ್ಥೆಯಾದ ಐಟಿಇಯ ಟ್ರಿಪ್ ಜನರೇಶನ್ ಕೈಪಿಡಿ. 2021ರ 11ನೇ ಆವೃತ್ತಿಯಲ್ಲಿ ಒಂದು ಒಂಟಿ ಮನೆಗೆ ದಿನಕ್ಕೆ 9.43 ಟ್ರಿಪ್ (ಒಂದು ವಾಹನ ಒಮ್ಮೆ ಒಳಗೆ ಬಂದರೆ ಅಥವಾ ಹೊರಗೆ ಹೋದರೆ ಒಂದು ಟ್ರಿಪ್), ಸಂಜೆಯ ಅತಿ ದಟ್ಟಣೆಯ ಗಂಟೆ ಎನಿಸಿದ ಪೀಕ್ ಅವರ್‌ನಲ್ಲಿ 0.94. ಅಂದರೆ 150 ಮನೆಗೆ 141 ಟ್ರಿಪ್. ಅದರಲ್ಲಿ 63% ಒಳಗೆ ಬರುವಂಥವು, ಸುಮಾರು 89. ಉಳಿದ 52 ಹೊರಗೆ ಹೋಗುವಂಥವು.

ಇಷ್ಟು ಗುಣಾಕಾರ ಯಾರು ಬೇಕಾದರೂ ಮಾಡಬಹುದು. ತಕರಾರು ಶುರುವಾಗುವುದು ಆಮೇಲೆ. ಈ 141ರಲ್ಲಿ ಎಷ್ಟನ್ನು ಕಳೆಯಬಹುದು, ಉಳಿದವನ್ನು ಯಾವ ಜಂಕ್ಷನ್ ಮೇಲೆ ಹಾಕಬೇಕು, ಎಷ್ಟು ಜಂಕ್ಷನ್ ನೋಡಬೇಕು? ಈ ಮೂರನ್ನೂ ಬಿಲ್ಡರ್ ನೇಮಿಸಿದವರೇ ತೀರ್ಮಾನಿಸಿದರೆ ಯೋಜನೆಯ ಅನುಮೋದನೆಗೆ ಬೇಕಾದ ಟ್ರಾಫಿಕ್ ವರದಿ ಹೇಗೆ ಬರುತ್ತದೆಂದು ಊಹಿಸಲು ಎಂಜಿನಿಯರಿಂಗ್ ಓದಬೇಕಿಲ್ಲ. ಕ್ಯಾಲಿಫೋರ್ನಿಯಾದ ಅನೇಕ ನಗರಗಳು ಟ್ರಾಫಿಕ್ ಕನ್ಸಲ್ಟೆಂಟರನ್ನು ತಾವೇ ಇಟ್ಟುಕೊಳ್ಳುವುದು ಇದಕ್ಕಾಗಿ.

ಪ್ರತಿ ಯೋಜನೆಗೂ ಹೊಸದಾಗಿ ಟೆಂಡರ್ ಕರೆಯುತ್ತ ಕೂತರೆ ತಿಂಗಳುಗಳೇ ಹೋಗುತ್ತವೆ. ಹಾಗಾಗಿ ನಗರ ಮೊದಲೇ ಅರ್ಹತಾ ಅರ್ಜಿ ಕರೆದು ಕೆಲವು ಸಂಸ್ಥೆಗಳ ಪಟ್ಟಿ ಮಾಡಿಟ್ಟುಕೊಳ್ಳುತ್ತದೆ. ಇದಕ್ಕೆ ಆನ್-ಕಾಲ್ ಪಟ್ಟಿ ಅನ್ನುತ್ತಾರೆ. ಕರಾರು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ರಾಜ್ಯದ ಸರ್ಕಾರಿ ಸಂಹಿತೆಯ 4526ನೇ ಕಲಮಿನ ಪ್ರಕಾರ ಎಂಜಿನಿಯರಿಂಗ್ ಸೇವೆಗೆ ಆಯ್ಕೆ ಅರ್ಹತೆಯ ಮೇಲೆ ನಡೆಯಬೇಕು. ದರದ ಚೌಕಾಶಿ ನಂತರ. ರಸ್ತೆಗೆ ಡಾಂಬರು ಹಾಕಿಸುವಾಗ ಕಡಿಮೆ ಬಿಡ್ ನೋಡುವುದು ಸರಿ, ಬುದ್ಧಿ ಕೊಳ್ಳುವಾಗ ಅದು ನಡೆಯುವುದಿಲ್ಲ. ಅತಿ ಕಡಿಮೆ ದರ ಹೇಳಿದವನು ಅತಿ ಕಡಿಮೆ ಜಂಕ್ಷನ್ ನೋಡುತ್ತಾನೆ.

ಪಟ್ಟಿಗೆ ಸೇರುವ ಮೊದಲು ಇನ್ನೊಂದು ಜರಡಿ ಇದೆ. ನಗರದ ಪರವಾಗಿ ತೀರ್ಮಾನಕ್ಕೆ ಕೈಹಾಕುವ ಕನ್ಸಲ್ಟೆಂಟ್ ತನ್ನ ಆರ್ಥಿಕ ಹಿತಾಸಕ್ತಿಗಳನ್ನು ಫಾರ್ಮ್ 700ರಲ್ಲಿ ಘೋಷಿಸಬೇಕಾಗಬಹುದು. ಅದೇ ಊರಿನಲ್ಲಿ ಬಿಲ್ಡರ್‌ಗಳ ಕೆಲಸವನ್ನೂ ಹಿಡಿಯಬಾರದೆಂದು ಅನೇಕ ನಗರಗಳು ಕರಾರಿನಲ್ಲೇ ಬರೆಯುತ್ತವೆ. ಬರೆಯದ ನಗರಗಳಲ್ಲಿ ಒಂದೇ ಸಂಸ್ಥೆ ಸೋಮವಾರ ಬಿಲ್ಡರ್ ಪರ, ಗುರುವಾರ ನಗರದ ಪರ ಕೂತು ಒಂದೇ ಜಂಕ್ಷನ್ನಿಗೆ ಎರಡು ಬಗೆಯ ಲೆಕ್ಕ ಕೊಡುವ ಪೇಚು ಎದುರಾಗುತ್ತದೆ.

ಹಣ ಬಿಲ್ಡರ್‌ದೇ, ಆದರೆ ನೇರವಾಗಿ ಕನ್ಸಲ್ಟೆಂಟ್ ಕೈಗೆ ಹೋಗುವುದಿಲ್ಲ. ಬಿಲ್ಡರ್ ನಗರದಲ್ಲಿ ಠೇವಣಿ ಇಡುತ್ತಾನೆ, ಕನ್ಸಲ್ಟೆಂಟ್ ಬಿಲ್ಲನ್ನು ನಗರಕ್ಕೆ ಕೊಡುತ್ತಾನೆ, ನಗರದ ಎಂಜಿನಿಯರ್ ನೋಡಿ ಸಹಿ ಹಾಕಿದ ಮೇಲೆ ಠೇವಣಿಯಿಂದ ಹಣ ಬಿಡುಗಡೆ. ಠೇವಣಿ ಕರಗಿದರೆ ಕೆಲಸ ನಿಲ್ಲುತ್ತದೆ, ಮತ್ತೆ ತುಂಬಿದ ಮೇಲೆ ಮುಂದುವರಿಯುತ್ತದೆ. ಇಲ್ಲಿ ಎರಡು ಪದ್ಧತಿಗಳಿವೆ. ಒಂದರಲ್ಲಿ ಅಧ್ಯಯನವನ್ನೇ ನಗರದ ಕನ್ಸಲ್ಟೆಂಟ್ ಮಾಡುತ್ತಾನೆ. ಇನ್ನೊಂದರಲ್ಲಿ ಬಿಲ್ಡರ್‌ನ ಕನ್ಸಲ್ಟೆಂಟ್ ವರದಿ ಬರೆದು, ನಗರದವನು ಅದನ್ನು ಪರಿಶೀಲಿಸುತ್ತಾನೆ. ಎರಡನೆಯದು ಅಗ್ಗವೆಂದು ಕಾಣುತ್ತದೆ. ಮೂರು ಸುತ್ತು ಆಕ್ಷೇಪಣೆ, ಮೂರು ಸುತ್ತು ಉತ್ತರ ಆದ ಮೇಲೆ ಅಗ್ಗವಾಗಿ ಉಳಿಯುವುದು ಅಪರೂಪ.

ಯಾವ ಪದ್ಧತಿಯಾದರೂ ಬಿಗಿಯಾಗಿರಬೇಕಾದ ಕಾಗದ ಒಂದೇ: ಸ್ಕೋಪ್, ಅಂದರೆ ಏನನ್ನು, ಎಲ್ಲಿ, ಹೇಗೆ ಅಧ್ಯಯನ ಮಾಡಬೇಕೆಂಬ ಪಟ್ಟಿ. ವಾಹನ ಎಣಿಕೆಗೆ ಒಬ್ಬನನ್ನೂ ರಸ್ತೆಗೆ ಕಳಿಸುವ ಮೊದಲು ಇದಕ್ಕೆ ನಗರದ ಸಹಿ ಬೀಳಬೇಕು. ಅನೇಕ ಕನ್ನಡಿಗರು ನೆಲೆಸಿರುವ ಸನಿವೇಲ್, ಕ್ಯುಪರ್ಟಿನೊ ಸೇರಿರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ ಸಾರಿಗೆ ಪ್ರಾಧಿಕಾರ ವಿಟಿಎ ಇದಕ್ಕೆ ಮಾರ್ಗಸೂಚಿ ಹಾಕಿದೆ. ಪೀಕ್ ಅವರ್‌ನಲ್ಲಿ 100 ಅಥವಾ ಹೆಚ್ಚು ಹೊಸ ಟ್ರಿಪ್ ಹುಟ್ಟಿಸುವ ಯೋಜನೆಗೆ ಅಧ್ಯಯನ ಬೇಕು. ಒಂದು ಜಂಕ್ಷನ್‌ನ ಯಾವುದೇ ತಿರುವಿಗೆ ಲೇನ್ ಒಂದಕ್ಕೆ ಗಂಟೆಗೆ 10 ವಾಹನ ಸೇರಿಸುವುದಾದರೆ ಆ ಜಂಕ್ಷನ್ ಪಟ್ಟಿಗೆ ಬರಬೇಕು. ಇಂಥ ಅಳತೆಗೋಲು ಇಲ್ಲದ ಕಡೆ ಎಷ್ಟು ಜಂಕ್ಷನ್ ಎಂಬುದು ಮೀಟಿಂಗ್‌ನಲ್ಲಿ ಯಾರ ದನಿ ದೊಡ್ಡದೋ ಅವರ ಪಾಲು. ಎಣಿಕೆಯ ದಿನವೂ ಸ್ಕೋಪ್‌ನಲ್ಲಿರಬೇಕು: ಮಂಗಳವಾರದಿಂದ ಗುರುವಾರದೊಳಗೆ, ಶಾಲೆ ನಡೆಯುತ್ತಿರುವಾಗ, ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6. ಬೇಸಿಗೆ ರಜೆಯಲ್ಲಿ ಎಣಿಸಿದ ಶಾಲೆ ಮುಂದಿನ ಜಂಕ್ಷನ್ ಯಾವಾಗಲೂ ಖಾಲಿಯೇ.

ಇನ್ನು ವರದಿ ಮೇಜಿಗೆ ಬಂದ ಮೇಲಿನ ಕೆಲಸ. ಪಿಡಿಎಫ್ ಸಾಲದು, ಸಿಂಕ್ರೊ ಅಥವಾ ಬಳಸಿದ ಯಾವುದೇ ಸಾಫ್ಟ್‌ವೇರ್‌ನ ಮೂಲ ಫೈಲ್ ಕೇಳಿ ಪಡೆಯಬೇಕು. ಬಚ್ಚಿಟ್ಟ ಸಂಗತಿ ಪುಟಗಳಲ್ಲಿರುವುದಿಲ್ಲ, ಇನ್‌ಪುಟ್‌ನಲ್ಲಿರುತ್ತದೆ.

ಪೀಕ್ ಅವರ್ ಫ್ಯಾಕ್ಟರ್ ಒಂದನ್ನೇ ನೋಡಿ. ಆ ಗಂಟೆಯಲ್ಲಿ ವಾಹನಗಳು ಎಷ್ಟು ಸಮನಾಗಿ ಹರಡಿವೆ ಎಂಬುದರ ಅಳತೆ ಅದು. ಗಂಟೆಗೆ 1,000 ವಾಹನ, ಅದರಲ್ಲಿ ಅತಿ ದಟ್ಟ 15 ನಿಮಿಷಕ್ಕೆ 300 ಎಂದುಕೊಳ್ಳೋಣ. 300ನ್ನು ನಾಲ್ಕರಿಂದ ಗುಣಿಸಿದರೆ 1,200. 1,000ನ್ನು ಅದರಿಂದ ಭಾಗಿಸಿದರೆ 0.83. ಸಾಫ್ಟ್‌ವೇರ್‌ನಲ್ಲಿ 0.83ರ ಬದಲು 0.95 ಎಂದು ಕೂರಿಸಿದರೆ ಅದು 1,200ರ ಬದಲು ಸುಮಾರು 1,053 ವಾಹನಕ್ಕೆ ಲೆಕ್ಕ ಮಾಡುತ್ತದೆ. ಸುಮಾರು 147 ವಾಹನ ಮಾಯ, ವರದಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಹೈವೇ ಕೆಪಾಸಿಟಿ ಕೈಪಿಡಿಯಲ್ಲಿ ಸಿಗ್ನಲ್ ಜಂಕ್ಷನ್ನಿಗೆ ಸರಾಸರಿ ವಿಳಂಬ 35ರಿಂದ 55 ಸೆಕೆಂಡ್ ಇದ್ದರೆ ಡಿ ದರ್ಜೆ (ಎ ಅತ್ಯುತ್ತಮ, ಎಫ್ ಅತಿ ಕೆಟ್ಟದ್ದು), 55ರಿಂದ 80 ಇದ್ದರೆ ಇ. ನಗರದ ನೀತಿ ಡಿ ದರ್ಜೆಯವರೆಗೆ ಒಪ್ಪುವುದಾದರೆ 54ಕ್ಕೂ 57ಕ್ಕೂ ನಡುವಿನ ಆ ಮೂರು ಸೆಕೆಂಡಿನಲ್ಲೇ ಜಂಕ್ಷನ್ ಸರಿಪಡಿಸುವ ಲಕ್ಷಾಂತರ ಡಾಲರ್ ಖರ್ಚು ಕೂತಿರುತ್ತದೆ.

ಕಳೆಯುವ ಲೆಕ್ಕ ಇನ್ನೊಂದು ಗಣಿ. ದಾರಿಯಲ್ಲಿ ಹೋಗುವವರೇ ಅಂಗಡಿಗೆ ನುಗ್ಗುತ್ತಾರೆಂದು ಪಾಸ್-ಬೈ ಕಡಿತ, ಮನೆ ಮತ್ತು ಅಂಗಡಿ ಒಂದೇ ಆವರಣದಲ್ಲಿವೆಯೆಂದು ಒಳಗಿನ ಟ್ರಿಪ್ ಕಡಿತ, ರೈಲು ಹತ್ತಿರವೆಂದು ಮತ್ತೊಂದು, ಹಳೆಯ ಕಟ್ಟಡ ಇತ್ತೆಂದು ಇನ್ನೊಂದು. ಬಿಡಿಬಿಡಿಯಾಗಿ ಎಲ್ಲವೂ ನ್ಯಾಯವೇ. ಎಲ್ಲವನ್ನೂ ಮೂಲ ಸಂಖ್ಯೆಯಿಂದಲೇ ಕಳೆದರೆ ಒಂದೇ ಟ್ರಿಪ್ಪನ್ನು ಎರಡು ಸಲ ಕಳೆದಂತೆ. ಮೊದಲ ಕಡಿತದ ನಂತರ ಉಳಿದದ್ದರ ಮೇಲೆ ಮುಂದಿನದು ಬರಬೇಕು. ಪಾಸ್-ಬೈ ಟ್ರಿಪ್ ಪಕ್ಕದ ರಸ್ತೆಗೆ ಹೊಸದಲ್ಲ, ನಿಜ. ಆದರೆ ಅಂಗಡಿಯ ಗೇಟಿಗೆ ಹೊಸದೇ. ಗೇಟಿನ ಲೆಕ್ಕದಿಂದಲೂ ಅದನ್ನು ತೆಗೆದ ವರದಿಗಳು ಬರುತ್ತಲೇ ಇರುತ್ತವೆ. ಅಂಥ ಗೇಟಿನ ಎಡತಿರುವಿನ ಲೇನ್ ಚಿಕ್ಕದಾಗಿ, ಒಂದು ಕಾರಿಗೆ ಸುಮಾರು 25 ಅಡಿಯಂತೆ ಸಾಲು ಬೆಳೆದು, ಕೊನೆಗೆ ನೇರ ಹೋಗುವ ಲೇನನ್ನೇ ಮುಚ್ಚುತ್ತದೆ. ಅನುಮೋದನೆ ಸಿಕ್ಕಿ ಇನ್ನೂ ಕಟ್ಟದ ಅಕ್ಕಪಕ್ಕದ ಯೋಜನೆಗಳ ಟ್ರಿಪ್ ಸೇರಿಸಿದ್ದಾರೆಯೇ ಎಂಬುದನ್ನೂ ನಗರದ ಪಟ್ಟಿ ಹಿಡಿದು ತಾಳೆ ನೋಡಬೇಕು.

ಬೆಂಗಳೂರಿನ ಓದುಗರಿಗೆ ಇಲ್ಲೊಂದು ಮಾತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪೂರ್ವಾನುಮತಿ ಬೇಕು, ಟ್ರಾಫಿಕ್ ಲೆಕ್ಕವೂ ಆ ಕಡತದಲ್ಲೇ ಬರುತ್ತದೆ. ಕನ್ಸಲ್ಟೆಂಟನ್ನು ನೇಮಿಸಿ ಹಣ ಕೊಡುವವರು ಯೋಜನೆಯವರೇ. ಅಂಥ ವರದಿ ಕೈಗೆ ಸಿಕ್ಕರೆ ಮೊದಲು ಬೈಕಿನ ಪಿಸಿಯು, ಅಂದರೆ ಒಂದು ಬೈಕನ್ನು ಎಷ್ಟು ಕಾರಿಗೆ ಸಮವೆಂದು ಹಿಡಿದಿದ್ದಾರೆ ಎಂಬುದನ್ನು ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 106 ಪ್ರಕಾರ ಒಟ್ಟು ವಾಹನಗಳಲ್ಲಿ ದ್ವಿಚಕ್ರಗಳ ಪಾಲು 5% ಇದ್ದರೆ ಒಂದಕ್ಕೆ 0.5, 10% ಅಥವಾ ಹೆಚ್ಚಿದ್ದರೆ 0.75. ಬೆಂಗಳೂರಿನ ಯಾವ ರಸ್ತೆಯಲ್ಲಿ ಬೈಕು 5% ಇರುತ್ತದೆ? 2,000 ಬೈಕಿಗೆ 0.5 ಹಾಕಿದರೆ 1,000, 0.75 ಹಾಕಿದರೆ 1,500.

ಮತ್ತೆ ಕ್ಯಾಲಿಫೋರ್ನಿಯಾಗೆ. 2013ರ ಎಸ್‌ಬಿ 743 ಕಾನೂನಿನಿಂದಾಗಿ, 2020ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ, ಪರಿಸರ ಪರಿಶೀಲನೆಗೆ ಜಂಕ್ಷನ್ ವಿಳಂಬದ ಬದಲು ವಾಹನಗಳು ಓಡುವ ಒಟ್ಟು ಮೈಲಿ, ಅಂದರೆ ವಿಎಂಟಿ, ಅಳತೆಯಾಗಿದೆ. ರಾಜ್ಯದ ಸಲಹಾ ಟಿಪ್ಪಣಿಯ ಪ್ರಕಾರ ವಸತಿ ಯೋಜನೆಯ ತಲಾ ವಿಎಂಟಿ ಈಗಿರುವುದಕ್ಕಿಂತ 15% ಕಡಿಮೆ ಇರಬೇಕು. ದಿನಕ್ಕೆ 110ಕ್ಕಿಂತ ಕಡಿಮೆ ಟ್ರಿಪ್ಪಿನ ಸಣ್ಣ ಯೋಜನೆಗೆ ಸಾಮಾನ್ಯವಾಗಿ ವಿನಾಯಿತಿ. ಆದರೆ ಅನೇಕ ನಗರಗಳು ವಿಳಂಬದ ಲೆಕ್ಕವನ್ನು ತಮ್ಮ ಸ್ಥಳೀಯ ನೀತಿಯಡಿ ಉಳಿಸಿಕೊಂಡಿವೆ. ಹಾಗಾಗಿ ಒಂದೇ ಯೋಜನೆಗೆ ಎರಡು ಅಧ್ಯಯನ, ಎರಡು ಸ್ಕೋಪ್. ಒಂದರ ಆಕ್ಷೇಪಣೆಯನ್ನು ಇನ್ನೊಂದರ ಕಡತದಲ್ಲಿ ಬರೆದರೆ ಬಿಲ್ಡರ್‌ನ ವಕೀಲರಿಗೆ ಹಬ್ಬ.

ಕೊನೆಯ ಹಂತ ಷರತ್ತು. ಯೋಜನೆಯಿಂದ ಆಗುವ ಹೊರೆಗೆ ತಕ್ಕಷ್ಟೇ ಕೇಳಬೇಕು. ಅಮೆರಿಕದ ಸುಪ್ರೀಂ ಕೋರ್ಟಿನ 1987ರ ನೋಲನ್, 1994ರ ಡೋಲನ್ ತೀರ್ಪುಗಳು ಇದನ್ನು ಹೇಳಿವೆ. 2024ರ ಶೀಟ್ಸ್ ಪ್ರಕರಣದಲ್ಲಿ ಎಲ್ ಡೊರಾಡೊ ಕೌಂಟಿ ಒಂದು ಮನೆಗೆ ವಿಧಿಸಿದ 23,420 ಡಾಲರ್ ಟ್ರಾಫಿಕ್ ಶುಲ್ಕದ ಪ್ರಶ್ನೆ ಬಂದಾಗ, ಶಾಸನದ ಮೂಲಕ ಹಾಕಿದ್ದೆಂಬ ಕಾರಣಕ್ಕೇ ಶುಲ್ಕಕ್ಕೆ ಈ ಪರೀಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲವೆಂದು ಅದೇ ಕೋರ್ಟ್ ಹೇಳಿತು. ಪಾಲಿನ ಲೆಕ್ಕ ಸರಳ: ಜಂಕ್ಷನ್‌ನಲ್ಲಿ ಇಂದು 2,400 ವಾಹನ, ಮುಂದೆ 3,000, ಯೋಜನೆಯದು 60 ಎಂದರೆ ಹೆಚ್ಚಾಗುವ 600ರಲ್ಲಿ ಅದರ ಪಾಲು 10%. ಸಿಗ್ನಲ್‌ಗೆ 5 ಲಕ್ಷ ಡಾಲರ್ ಎಂದುಕೊಂಡರೆ ಬಿಲ್ಡರ್ ಕೊಡಬೇಕಾದ್ದು 50,000. ಉಳಿದ 4.5 ಲಕ್ಷ ಎಲ್ಲಿಂದ ಬರುತ್ತದೆಂದು ನಗರದ ಬಜೆಟ್ಟಿನಲ್ಲಿ ಬರೆಯದಿದ್ದರೆ ಆ 50,000 ಖಾತೆಯಲ್ಲೇ ಕೊಳೆಯುತ್ತದೆ, ಸಿಗ್ನಲ್ ಏಳುವುದಿಲ್ಲ.

ಡ್ರೈವ್-ಥ್ರೂ, ಶಾಲೆಯಂಥವಕ್ಕೆ ಬಾಗಿಲು ತೆರೆದು ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಎಣಿಕೆ ಮಾಡಬೇಕೆಂಬ ಷರತ್ತು ಒಳ್ಳೆಯದು. ಆ ಎಣಿಕೆಯ ಖರ್ಚನ್ನು ಠೇವಣಿಯಲ್ಲೇ ಹಿಡಿದಿಟ್ಟು ಉಳಿದದ್ದನ್ನಷ್ಟೇ ವಾಪಸ್ ಕೊಡಬೇಕು. ಪೂರ್ತಿ ಹಣ ಹಿಂದಿರುಗಿಸಿದ ಮೇಲೆ ಎಣಿಸಲು ಯಾರೂ ಬರುವುದಿಲ್ಲ.