ಈ ಡಬ್ಬಿ ಯಾರದು? ಹಳೇ ಮಿಠಾಯಿ ಪೆಟ್ಟಿಗೆಗಳ ಬಗ್ಗೆ ಒಂದು ಟಿಪ್ಪಣಿ

ಹಳೇ ಮಿಠಾಯಿ ಡಬ್ಬಿಗಳನ್ನು ನೋಡುವಾಗ ಒಂದು ಪ್ರಶ್ನೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಇದು ಕೊಂಡವರ ಡಬ್ಬಿಯೋ, ಮಿಠಾಯಿ ತಯಾರಿಸಿದವರ ಡಬ್ಬಿಯೋ? ಉತ್ತರ ಸಿಕ್ಕರೆ ಅದರ ಕಾಲವೂ ಹೆಚ್ಚುಕಡಿಮೆ ತಿಳಿಯುತ್ತದೆ.

18ನೇ ಶತಮಾನದ ಫ್ರಾನ್ಸಿನ ಬಾನ್‌ಬೊನಿಯೇರ್ ಕೊಂಡವರದು. ಅಂಗೈಯಲ್ಲಿ ಹಿಡಿಸುವ ಪುಟ್ಟ ಡಬ್ಬಿ. ಚಿನ್ನದ್ದು, ಪಿಂಗಾಣಿಯದ್ದು, ಎನಾಮೆಲ್ ಹಚ್ಚಿದ್ದು. ಸಿರಿವಂತರು ಡಬ್ಬಿಯನ್ನೇ ಕೊಂಡು, ಬೇಕಾದ ಮಿಠಾಯಿ ತುಂಬಿಕೊಳ್ಳುತ್ತಿದ್ದರು. ಇವನ್ನು ಒಡವೆಗಳ ಸಾಲಿಗೆ ಸೇರಿಸಿದರೂ ತಪ್ಪಿಲ್ಲ. ಉಳಿದವರಿಗೆ ಗಾಜಿನ ಭರಣಿಯಿಂದ ತೂಗಿ ಕೊಟ್ಟ ಕಾಗದದ ಪೊಟ್ಟಣ, ಅಷ್ಟೇ.

ಬಿಡಿ ಮಿಠಾಯಿಯ ಅಪಾಯ 1858ರಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಬಯಲಾಯಿತು. ಸಕ್ಕರೆ ದುಬಾರಿ ಅಂತ ಪೆಪ್ಪರ್‌ಮಿಂಟ್‌ಗೆ ಜಿಪ್ಸಂ ಪುಡಿ ಬೆರೆಸುವುದು ಆಗ ಮಾಮೂಲು. ಆ ಸಲ ಔಷಧಿ ಅಂಗಡಿಯಲ್ಲಿ ಅದರ ಬದಲು ಆರ್ಸೆನಿಕ್ ಕೊಟ್ಟುಬಿಟ್ಟರು. ಸುಮಾರು 20 ಮಂದಿ ಸತ್ತರು, ಇನ್ನೂರರಷ್ಟು ಜನ ಕಾಯಿಲೆ ಬಿದ್ದರು. ಮುಚ್ಚಿದ ಡಬ್ಬಿಗೆ, ಅದರ ಮೇಲಿನ ಹೆಸರಿಗೆ ಬೆಲೆ ಬಂದದ್ದರ ಹಿಂದೆ ಇಂಥ ಭಯವೂ ಇದೆ.

ಬರ್ಮಿಂಗ್‌ಹ್ಯಾಮ್‌ನ ಕ್ಯಾಡ್‌ಬರಿಯವರು 1866ರಲ್ಲಿ ಕೋಕೋದ ಬೆಣ್ಣೆ ಹಿಂಡುವ ಡಚ್ ಯಂತ್ರ ಬಳಸತೊಡಗಿದರು. ಹಿಂಡಿ ತೆಗೆದ ಬೆಣ್ಣೆ ಏನು ಮಾಡುವುದು? ತಿನ್ನುವ ಚಾಕೊಲೇಟ್ ಮಾಡಿದರು. 1868ರಲ್ಲಿ ರಿಚರ್ಡ್ ಕ್ಯಾಡ್‌ಬರಿ ಅದಕ್ಕೆ ಚಿತ್ರವಿರುವ ಪೆಟ್ಟಿಗೆ ತಂದರು. ಬೆಕ್ಕಿನ ಮರಿ ಎತ್ತಿಕೊಂಡ ಹುಡುಗಿಯ ಚಿತ್ರ. ಬರೆದವರು ಅವರೇ, ಹುಡುಗಿ ಅವರ ಮಗಳು. ಚಾಕೊಲೇಟ್ ಖಾಲಿಯಾದ ಮೇಲೂ ಇಂಥ ಪೆಟ್ಟಿಗೆಗಳನ್ನು ಜನ ಬಿಸಾಡಲಿಲ್ಲ. ಕಾಗದ ಪತ್ರ, ಸಣ್ಣಪುಟ್ಟ ಸಾಮಾನು ಇಟ್ಟುಕೊಂಡರು. ಕಂಪನಿಗೆ ಮನೆಯೊಳಗೇ ಪುಕ್ಕಟೆ ಜಾಹೀರಾತು. ಜಾಣತನ ಅಲ್ವಾ?

ತಗಡಿನ ಕಥೆಯನ್ನು ಸ್ವಲ್ಪ ನಿಧಾನವಾಗಿ ಓದಿ, ಕಾಲ ಗುರುತಿಸಲು ಇದೇ ಜಾಸ್ತಿ ನೆರವಾಗುತ್ತದೆ. ಮೊದಮೊದಲು ತಗಡಿನ ಡಬ್ಬಿಗೆ ಕಾಗದದ ಚೀಟಿ ಅಂಟಿಸುತ್ತಿದ್ದರು. 1868ರ ಹೊತ್ತಿಗೆ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ ಕಂಪನಿಯ ಡಬ್ಬಿಗಳ ಮೇಲೆ ನೇರವಾಗಿ ಚಿತ್ರ ಬಂತು. ಕಾಗದದ ಮೇಲೆ ಅಚ್ಚು ಹಾಕಿ, ಅಲ್ಲಿಂದ ತಗಡಿಗೆ ಇಳಿಸುತ್ತಿದ್ದರು. ಕಲ್ಲಚ್ಚಿನಿಂದ, ಅಂದರೆ ಚಿತ್ರ ಬರೆದ ಕಲ್ಲಿಗೆ ಶಾಯಿ ಹಚ್ಚಿ, ನೇರವಾಗಿ ತಗಡಿಗೆ ಒತ್ತಬಹುದಲ್ಲ ಅನ್ನಿಸುತ್ತದೆ. ಆದರೆ ಕಲ್ಲೂ ಗಟ್ಟಿ, ತಗಡೂ ಗಟ್ಟಿ. ಶಾಯಿ ಸರಿಯಾಗಿ ಕೂರುವುದಿಲ್ಲ. 1875ರಲ್ಲಿ ಇಂಗ್ಲೆಂಡಿನ ಮುದ್ರಕ ರಾಬರ್ಟ್ ಬಾರ್‌ಕ್ಲೇ ನಡುವೆ ಒಂದು ಉರುಳೆ ಇಟ್ಟು ಪೇಟೆಂಟ್ ಪಡೆದರು. ಕಲ್ಲಿನ ಶಾಯಿ ಮೊದಲು ಉರುಳೆಗೆ, ಅಲ್ಲಿಂದ ತಗಡಿಗೆ. ಹೀಗೆ ನಡುವೆ ಉರುಳೆ ಇಟ್ಟು ಒತ್ತುವ ಆಫ್‌ಸೆಟ್ ಮುದ್ರಣ ಕಾಗದಕ್ಕಿಂತ ಮೊದಲು ತಗಡಿನ ಮೇಲೆ ಬೆಳೆಯಿತು ಅನ್ನುವುದು ನನಗಂತೂ ತುಂಬ ಹಿಡಿಸಿದ ಸಂಗತಿ. ಪೇಟೆಂಟ್ ಅವಧಿ ಮುಗಿದ ಮೇಲೆ, 1890ರ ದಶಕದಿಂದ ಮುಂದಕ್ಕೆ, ಪುಸ್ತಕದ ಸಾಲಿನಂತೆ, ಹೂದಾನಿಯಂತೆ ಕಾಣುವ ಡಬ್ಬಿಗಳೂ ಬಂದವು. ಅತಿಯಾಯಿತು ಅನ್ನಿಸುವಷ್ಟು!

ನಮ್ಮ ಪ್ರಶ್ನೆಗೆ ಸುಲಭವಾಗಿ ಬಗ್ಗದ ಡಬ್ಬಿಗಳೂ ಇವೆ. 1900ರ ಹೊಸ ವರ್ಷಕ್ಕೆ ವಿಕ್ಟೋರಿಯಾ ರಾಣಿ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿದ್ದ ಸೈನಿಕರಿಗೆ ಚಾಕೊಲೇಟ್ ಕಳಿಸಿದರು. ತಯಾರಿಸಿದ್ದು ಕ್ಯಾಡ್‌ಬರಿ, ಫ್ರೈ, ರೌನ್‌ಟ್ರೀ. ಮೂರೂ ಯುದ್ಧ ಒಪ್ಪದ ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬಗಳ ಕಂಪನಿಗಳು. ಹಾಗಾಗಿ ಡಬ್ಬಿಯ ಮೇಲೆ ಹೆಸರು ಹಾಕಲು ಒಪ್ಪಲಿಲ್ಲ. ಮುಚ್ಚಳದ ಮೇಲೆ ರಾಣಿಯ ಮುಖ, ಶುಭಾಶಯ ಇವೆ. ಡಬ್ಬಿ ಕೊಂಡವರದ್ದೂ ಅಲ್ಲ, ತಯಾರಿಸಿದವರದ್ದೂ ಅಲ್ಲ, ಕೊಟ್ಟವರದು! ತಿನ್ನದೇ ಹಾಗೇ ಎತ್ತಿಟ್ಟವರೂ ಇದ್ದರು. 2021ರಲ್ಲಿ ಇಂಗ್ಲೆಂಡಿನ ನಾರ್ಫಕ್‌ನ ಆಕ್ಸ್‌ಬರ್ಗ್ ಹಾಲ್ ಎಂಬ ಹಳೇ ಬಂಗಲೆಯಲ್ಲಿ ಚಾಕೊಲೇಟ್ ಸಮೇತ ಒಂದು ಡಬ್ಬಿ ಸಿಕ್ಕಿತು.

1914ರ ಕ್ರಿಸ್‌ಮಸ್‌ಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸೈನಿಕರಿಗೆ ಕೊಟ್ಟ ಹಿತ್ತಾಳೆ ಪೆಟ್ಟಿಗೆಯೂ ಇದೇ ಜಾತಿಯದು. ಬ್ರಿಟಿಷ್ ಸೈನಿಕರಿಗೆ ಹೆಚ್ಚಾಗಿ ತಂಬಾಕು, ಸಿಗರೇಟು. ಹೆಚ್ಚಿನ ಭಾರತೀಯ ಸೈನಿಕರಿಗೆ ಸಿಗರೇಟಿನ ಜೊತೆ ಕಲ್ಲುಸಕ್ಕರೆ, ಮಸಾಲೆ. ಅವರಲ್ಲಿ ಸಿಖ್ಖರಿಗೆ ಸಿಗರೇಟು ಇಡಲಿಲ್ಲ.