ಬಿಲ್ಲಿನ ಟಂಕಾರಕ್ಕೆ ಲೆಕ್ಕ ಹಚ್ಚಿದರೆ

ಅರ್ಜುನನ ಕಥೆ ಹೇಳುವವರು ಗಾಂಡೀವದ ಟಂಕಾರವನ್ನು ಬಿಡುವುದಿಲ್ಲ. ಬಯಲಾಟವಿರಲಿ, ಪ್ರವಚನವಿರಲಿ, ಹೆದೆಯ ಸದ್ದಿಗೇ ಶತ್ರುವಿನ ಎದೆ ನಡುಗಬೇಕು. ಆದರೆ ಟಂಕಾರ ಮಾಡುವ ಹೊತ್ತಿಗೆ ಹೆದೆಯಲ್ಲಿ ಬಾಣ ಇರುವುದಿಲ್ಲ. ಸದ್ದು ಅಷ್ಟು ಜೋರಾಗುವುದೂ ಅದಕ್ಕೇ. ಬಾಣ ಹೊತ್ತೊಯ್ಯಬೇಕಾದ ಶಕ್ತಿಯೆಲ್ಲ ಬಿಲ್ಲಿನಲ್ಲೇ ಉಳಿದು ಹೆದೆಯನ್ನೂ ಬಿಲ್ಲಿನ ತೋಳುಗಳನ್ನೂ ಅಲುಗಾಡಿಸುತ್ತದೆ. ಇಂದಿನ ಫೈಬರ್, ಕಾರ್ಬನ್ ಬಿಲ್ಲನ್ನು ಪೂರ್ತಿ ಎಳೆದು ಖಾಲಿ ಬಿಟ್ಟರೆ ತೋಳು, ಅಂದರೆ ಲಿಂಬ್, ಸೀಳಬಹುದು. ಹೆದೆ ಹರಿದು ಮುಖಕ್ಕೆ ಬಡಿಯಬಹುದು. ಅಂಗಡಿಯಲ್ಲಿ ಬಿಲ್ಲು ನೋಡಲು ಹೋದಾಗ ಸುಮ್ಮನೆ ಎಳೆದು ಬಿಡಬಾರದು ಎನ್ನುವುದು ಈ ಕಾರಣಕ್ಕೆ.

ಬಾಣವಿದ್ದಾಗಲೂ ಇದೇ ಲೆಕ್ಕ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಎಳೆತದ ಬಲ 40 ಪೌಂಡ್ ಇರುವ ಒಂದು ರಿಕರ್ವ್ ಬಿಲ್ಲನ್ನು (ತೋಳಿನ ತುದಿ ಮುಂದಕ್ಕೆ ಬಾಗಿದ ಬಿಲ್ಲು) ಪೂರ್ತಿ ಎಳೆದರೆ ಅದರಲ್ಲಿ ಸುಮಾರು 40 ಜೂಲ್ ಶಕ್ತಿ ತುಂಬುತ್ತದೆ. 20 ಗ್ರಾಂ ತೂಕದ ಬಾಣ ಅದರಲ್ಲಿ ಸುಮಾರು 28 ಜೂಲ್ ತೆಗೆದುಕೊಂಡು ಸೆಕೆಂಡಿಗೆ 53 ಮೀಟರ್ ವೇಗದಲ್ಲಿ ಹೊರಡುತ್ತದೆ. ಉಳಿದ 12 ಜೂಲ್ ಲಿಂಬಿನ ಒದ್ದಾಟ, ಹೆದೆಯ ಕಂಪನ, ಮುಂಗೈಗೆ ತಗಲುವ ಜುಮ್ಮು ಇವುಗಳಲ್ಲಿ ಹಂಚಿಹೋಗುತ್ತದೆ. ಸದ್ದಾಗಿ ಕಿವಿಗೆ ಬರುವುದು ಇದರ ತೀರಾ ಸಣ್ಣ ಪಾಲು. ಹಾಗಾಗಿ ಸದ್ದನ್ನೇ ರೋಗ ಎಂದುಕೊಂಡು ಹೆದೆಗೆ ರಬ್ಬರು ಕಟ್ಟುವುದು ಕಡೆಯ ಕೆಲಸವಾಗಬೇಕು. ಶಕ್ತಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಮೊದಲನೆಯದು.

ಬಿಲ್ಲಿನ ಸದ್ದಡಗಿಸುವ ಈ ವಿದ್ಯೆ ಬೆಳೆದದ್ದು ಹೆಚ್ಚಾಗಿ ಬೇಟೆಗಾರರಿಂದ. ಬಿಲ್ಲಿನ ಬೇಟೆಗೆ ಅನುಮತಿಯಿರುವ ಅಮೆರಿಕದಂಥ ಕಡೆ 20 ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು 0.06 ಸೆಕೆಂಡಿನಲ್ಲಿ ಮುಟ್ಟುತ್ತದೆ, ಬಾಣ ಮುಟ್ಟಲು 0.38 ಸೆಕೆಂಡ್ ಬೇಕು. ನಡುವಿನ ಆ ಅವಧಿಯಲ್ಲಿ ಜಿಂಕೆ ನೆಗೆಯಲು ಮೈ ಕುಗ್ಗಿಸಿಬಿಡುತ್ತದೆ, ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ; ರಾಣೆಬೆನ್ನೂರಿನ ಕೃಷ್ಣಮೃಗ ಅದರ ಮೊದಲ ಅನುಸೂಚಿಯಲ್ಲೇ ಇದೆ. ಗುರಿಹಲಗೆಗೆ ಬಿಡುವ ಹುಬ್ಬಳ್ಳಿ-ಧಾರವಾಡದ ಬಿಲ್ಲುಗಾರರಿಗೆ ಈ ವಿದ್ಯೆ ಬೇಕಾಗುವುದು ಬೇರೆ ಕಾರಣಕ್ಕೆ. ಸದ್ದು ಮಾಡುವ ಬಿಲ್ಲು ಎಲ್ಲೋ ಹೊಂದಿಕೆ ತಪ್ಪಿದೆ ಎಂದು ಹೇಳುತ್ತಿರುತ್ತದೆ. ಕಂಪನದ ಉಳಿಕೆ ದಿನಾ ನೂರಾರು ಬಾಣ ಬಿಡುವವರ ಮೊಣಕೈಗೆ ಬಂದು ಕೂರುತ್ತದೆ.

ಬಾಣದ ತೂಕದಿಂದ ಶುರುಮಾಡಿ. ಮೇಲಿನದೇ ಬಿಲ್ಲಿಗೆ 15 ಗ್ರಾಂ ಬಾಣ ಹಾಕಿದರೆ ವೇಗ 58 ಮೀಟರಿಗೆ ಏರುತ್ತದೆ, ಆದರೆ ಬಿಲ್ಲಿನಲ್ಲಿ ಉಳಿಯುವ ಶಕ್ತಿಯೂ ಸುಮಾರು 14.5 ಜೂಲ್ ಆಗುತ್ತದೆ. 25 ಗ್ರಾಂ ಬಾಣ ಹಾಕಿದರೆ ವೇಗ 49ಕ್ಕೆ ಇಳಿದು ಉಳಿಕೆ 10 ಜೂಲಿನ ಆಸುಪಾಸಿಗೆ ಬರುತ್ತದೆ. ಅಂದರೆ ಭಾರದ ಬಾಣ ಬಿಲ್ಲನ್ನು ಸುಮ್ಮನಾಗಿಸುತ್ತದೆ. ಬಾಣದ ತೂಕವನ್ನು ಗ್ರೇನ್‌ಗಳಲ್ಲಿ ಹೇಳುವ ರೂಢಿಯಿದೆ. ಒಂದು ಗ್ರೇನ್ ಅಂದರೆ 0.065 ಗ್ರಾಂ. ಎಳೆತದ ಪ್ರತಿ ಪೌಂಡಿಗೆ 5 ಗ್ರೇನ್‌ಗಿಂತ ಕಡಿಮೆ ಬೇಡವೇ ಬೇಡ. ಮರದ ಅಥವಾ ಬಿದಿರಿನ ಬಿಲ್ಲಿಗೆ 8ರಿಂದ 10 ಗ್ರೇನ್ ಇದ್ದರೆ ಬಿಲ್ಲಿಗೂ ಒಳ್ಳೆಯದು, ಕಿವಿಗೂ ಒಳ್ಳೆಯದು. ವೇಗದ ಹುಚ್ಚಿಗೆ ಹಗುರ ಬಾಣ ಕೊಂಡು, ಆಮೇಲೆ ಸದ್ದಡಗಿಸುವ ಸಾಮಾನಿಗೆ ದುಡ್ಡು ಸುರಿಯುವವರೇ ಹೆಚ್ಚು.

ಎರಡನೆಯದು ಬ್ರೇಸ್ ಹೈಟ್, ಅಂದರೆ ಹೆದೆ ಏರಿಸಿದ ಬಿಲ್ಲಿನಲ್ಲಿ ಹಿಡಿಕೆಯ ಅತಿ ತಗ್ಗಿನ ಜಾಗದಿಂದ ಹೆದೆಯವರೆಗಿನ ಅಂತರ. ರಿಕರ್ವ್ ಬಿಲ್ಲಿನ ಸದ್ದಿಗೆ ಮೂಲ ಬಹುತೇಕ ಇಲ್ಲೇ ಇರುತ್ತದೆ. ಈ ಬಿಲ್ಲಿನ ತೋಳು ತುದಿಯಲ್ಲಿ ಮುಂದಕ್ಕೆ ಬಾಗಿರುವುದರಿಂದ ಹೆದೆಯ ಎರಡೂ ತುದಿಯ ಒಂದಷ್ಟು ಭಾಗ ಲಿಂಬಿನ ಮೇಲೆ ಮಲಗಿರುತ್ತದೆ. ಎಳೆದಾಗ ಅದು ಮೇಲೇಳುತ್ತದೆ, ಬಿಟ್ಟಾಗ ಪಟ್ಟೆಂದು ಬಂದು ಬಡಿಯುತ್ತದೆ. ಬ್ರೇಸ್ ಹೈಟ್ ಕಡಿಮೆಯಾದಷ್ಟೂ ಬಡಿಯುವ ಉದ್ದ ಜಾಸ್ತಿ. ಸಾಮಾನ್ಯವಾಗಿ 66 ಇಂಚಿನ ಬಿಲ್ಲಿಗೆ 21.3ರಿಂದ 21.9 ಸೆಂ.ಮೀ., 68 ಇಂಚಿನದಕ್ಕೆ 21.6ರಿಂದ 22.2 ಸೆಂ.ಮೀ. ಇಡುತ್ತಾರೆ, ನಿಮ್ಮ ಬಿಲ್ಲಿನ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಹೊಂದಿಸುವುದು ಹೆದೆಯ ಸುತ್ತಿನಿಂದ. ಹೆಚ್ಚು ತಿರುವಿದರೆ ಹೆದೆ ಗಿಡ್ಡವಾಗಿ ಅಂತರ ಏರುತ್ತದೆ. ಹೊಸ ಹೆದೆಯಾದರೆ ಮೊದಲು ಐವತ್ತರಿಂದ ನೂರು ಬಾಣ ಬಿಟ್ಟು ಅದು ಜಗ್ಗಿ ಒಂದು ನೆಲೆಗೆ ಬರಲಿ. ಆಮೇಲೆ ಕೈಪಿಡಿಯ ಕನಿಷ್ಠ ಅಳತೆಯಿಂದ ಶುರುಮಾಡಿ ಆರು ಬಾಣ ಬಿಡಿ, ಹೆದೆ ಇಳಿಸಿ, ನಾಲ್ಕು ಸುತ್ತು ಹಾಕಿ, ಮತ್ತೆ ಏರಿಸಿ, ಬೋ ಸ್ಕ್ವೇರ್ (ಹೆದೆಗೆ ಸಿಕ್ಕಿಸಿ ಅಳೆಯುವ T ಆಕಾರದ ಅಳತೆಪಟ್ಟಿ) ಹಿಡಿದು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ, ಮತ್ತೆ ಆರು ಬಾಣ. ನಾಲ್ಕು ಸುತ್ತಿಗೆ ಒಂದೆರಡು ಮಿಲಿಮೀಟರ್ ಏರುತ್ತದೆ. ಸರ್ವಿಂಗ್ ದಾರ, ಅಂದರೆ ಹೆದೆಯ ಮೇಲೆ ಬಿಗಿಯಾಗಿ ಸುತ್ತಿದ ರಕ್ಷಣೆಯ ದಾರ, ಯಾವ ದಿಕ್ಕಿಗೆ ಬಿಗಿಯಾಗುತ್ತದೋ ಅದೇ ದಿಕ್ಕಿಗೆ ತಿರುವಬೇಕು. ಉಲ್ಟಾ ತಿರುವಿದರೆ ಅದು ಸಡಿಲಾಗಿ ತಾನೇ ಝುಂಯ್ ಎನ್ನಲು ಶುರುಮಾಡುತ್ತದೆ. ಹೆದೆ ಏರಿಸಲು ಬೋ ಸ್ಟ್ರಿಂಗರ್, ಅಂದರೆ ಬಿಲ್ಲಿನ ಎರಡೂ ತುದಿಗೆ ಸಿಕ್ಕಿಸಿ ಬಗ್ಗಿಸುವ ಹಗ್ಗ, ಬಳಸಿ. ಕಾಲ ಸಂದಿಯಲ್ಲಿಟ್ಟು ಬಗ್ಗಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ, ತಿರುಚಿದ ಲಿಂಬಿನಲ್ಲಿ ಹೆದೆ ತನ್ನ ತೋಡಿನೊಳಗೆ ನೇರ ಕೂರದೆ ಅಂಚಿಗೆ ಬಡಿಯುತ್ತದೆ. ಪ್ರತಿ ಸಲ ಫೋನನ್ನು ಅದೇ ಜಾಗದಲ್ಲಿ, ಬಾಣ ಬಿಡುವ ಗೆರೆಯ ಹಿಂದೆ ಒಂದೆರಡು ಮೀಟರ್ ದೂರದಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ. ಬಿಲ್ಲು ಹಿಡಿದವನ ಕಿವಿಗಿಂತ ಅದು ನಿಷ್ಪಕ್ಷಪಾತಿ. ಯಾವುದೋ ಒಂದು ಅಳತೆಯಲ್ಲಿ ಚಟಾರ್ ಸದ್ದು ಹೋಗಿ ದಪ್ಪನೆಯ ಧಪ್ ಬರುತ್ತದೆ. ಅಲ್ಲಿ ನಿಲ್ಲಿಸಿ, ನಾಕಿಂಗ್ ಪಾಯಿಂಟ್, ಅಂದರೆ ಹೆದೆಯಲ್ಲಿ ಬಾಣ ಸಿಕ್ಕಿಸುವ ಗುರುತು, ಮತ್ತೊಮ್ಮೆ ಅಳೆಯಿರಿ, ಏಕೆಂದರೆ ಸುತ್ತು ಹಾಕಿದಾಗ ಅದೂ ಕದಲಿರುತ್ತದೆ. ಕೆಳಮಿತಿಯಿಂದ ಮೇಲ್ಮಿತಿಯವರೆಗೂ ಸದ್ದು ಬದಲಾಗದಿದ್ದರೆ ತಪ್ಪು ಬೇರೆಡೆ ಇದೆ.

ಬಾಣದ ಬುಡದ ಕಚ್ಚನ್ನು, ಅಂದರೆ ನಾಕ್ ಅನ್ನು ಪರೀಕ್ಷಿಸುವುದು ಸುಲಭ. ಹೆದೆ ನೆಲಕ್ಕೆ ಅಡ್ಡವಾಗುವಂತೆ ಬಿಲ್ಲು ಹಿಡಿದು, ಬಾಣವನ್ನು ಅದಕ್ಕೆ ಸಿಕ್ಕಿಸಿ ಕೆಳಕ್ಕೆ ತೂಗಲು ಬಿಡಿ. ತಾನಾಗಿ ಬೀಳಬಾರದು, ಪಕ್ಕದಲ್ಲಿ ಹೆದೆಗೆ ಬೆರಳಿನಿಂದ ಒಂದು ಪೆಟ್ಟು ಕೊಟ್ಟರೆ ಬೀಳಬೇಕು. ಬೀಳದಿದ್ದರೆ ಕಚ್ಚು ಬಿಗಿ, ಬಿಟ್ಟಾಗ ಅದು ಹೆದೆಯನ್ನು ಜಗ್ಗಿಕೊಂಡೇ ಹೋಗುತ್ತದೆ. ನಡು ಸರ್ವಿಂಗ್ ಬಿಚ್ಚಿ 0.53 ಮಿ.ಮೀ. ದಾರದ ಬದಲು 0.46 ಮಿ.ಮೀ. ದಾರ ಸುತ್ತಿದರೆ ಸಾಕಾಗಬಹುದು. ಇನ್ನು ಸಡಿಲ ಸ್ಕ್ರೂಗಳು: ಬೆರಳ ಗೆಣ್ಣಿನಿಂದ ರೈಸರನ್ನು (ಬಿಲ್ಲಿನ ನಡುವಿನ ಹಿಡಿಕೆಯ ಭಾಗ) ಮೆಲ್ಲಗೆ ತಟ್ಟುತ್ತ ಇನ್ನೊಂದು ಕೈಯಿಂದ ಸೈಟ್ (ಗುರಿ ನೋಡುವ ಸಾಧನ), ಪ್ಲಂಜರ್ (ಬಾಣದ ಪಕ್ಕಕ್ಕೆ ತಾಗುವ ಸ್ಪ್ರಿಂಗ್ ಗುಂಡಿ), ಲಿಂಬ್ ಬೋಲ್ಟ್ ಒಂದೊಂದನ್ನೇ ಒತ್ತಿ ಹಿಡಿಯಿರಿ. ಯಾವುದನ್ನು ಹಿಡಿದಾಗ ಕಿಣಿಕಿಣಿ ನಿಲ್ಲುತ್ತದೋ ಅದೇ ಕಳ್ಳ.

ಇಷ್ಟಾದ ಮೇಲೂ ಉಳಿಯುವ ಝೇಂಕಾರಕ್ಕೆ ಸೈಲೆನ್ಸರ್, ಅಂದರೆ ಕಂಪನ ಹೀರಲು ಹೆದೆಗೆ ಕಟ್ಟುವ ಉಣ್ಣೆ ಇಲ್ಲವೇ ರಬ್ಬರಿನ ಕುಚ್ಚು. ಧಾರವಾಡದ ಗವಾಯಿಗಳು ತಂಬೂರಿಯ ಕುದುರೆಯ ಮೇಲೆ ದಾರ ಸಿಕ್ಕಿಸಿ ತಂತಿಯ ಮೇಲಿನ ಸ್ವರಗಳನ್ನೆಲ್ಲ ಅರಳಿಸುತ್ತಾರೆ. ಬಿಲ್ಲಿನಲ್ಲಿ ನಮಗೆ ಬೇಕಾದದ್ದು ಆ ಸ್ವರಗಳನ್ನು ಒಂದೊಂದಾಗಿ ಮುಚ್ಚುವುದು. ಹೆದೆ ಏಕಕಾಲಕ್ಕೆ ಹಲವು ವಿಧವಾಗಿ ಕಂಪಿಸುತ್ತದೆ: ಇಡಿಯಾಗಿ, ಎರಡು ಭಾಗವಾಗಿ, ಮೂರು ಭಾಗವಾಗಿ, ಹೀಗೆ. ಭಾಗಗಳು ಸೇರುವ ಜಾಗ ನಿಶ್ಚಲ, ಅಲ್ಲಿ ಏನು ಕಟ್ಟಿದರೂ ಆ ಕಂಪನಕ್ಕೆ ತಗಲುವುದೇ ಇಲ್ಲ. ಆದ್ದರಿಂದ ಎರಡು ಸೈಲೆನ್ಸರ್‌ಗಳನ್ನು ಎರಡೂ ತುದಿಯಿಂದ ಒಂದೇ ದೂರದಲ್ಲಿ ಚೆಂದಕ್ಕೆ ಕಟ್ಟುವುದು ವ್ಯರ್ಥ. ಮೇಲಿನದನ್ನು ಉದ್ದದ ಮೂರನೇ ಒಂದರಲ್ಲಿ, ಕೆಳಗಿನದನ್ನು ನಾಲ್ಕನೇ ಒಂದರಲ್ಲಿ ಕಟ್ಟಬೇಕು. ಮೂರು ಭಾಗದ ಕಂಪನಕ್ಕೆ ಮೇಲಿನದು ನಿಶ್ಚಲ ಬಿಂದುವಿನಲ್ಲಿದ್ದು ನಿರುಪಯೋಗಿಯಾದರೂ, ಕೆಳಗಿನದು ಆ ಕಂಪನ ತನ್ನ ಗರಿಷ್ಠದ ಶೇ. 71ರಷ್ಟಿರುವ ಜಾಗದಲ್ಲಿ ಕೂತಿರುತ್ತದೆ. ನಾಲ್ಕು ಭಾಗದ ಕಂಪನಕ್ಕೆ ಕೆಳಗಿನದು ನಿರುಪಯೋಗಿ, ಮೇಲಿನದು ಶೇ. 87ರ ಜಾಗದಲ್ಲಿ. ಎರಡರಿಂದಲೂ ತಪ್ಪಿಸಿಕೊಳ್ಳುವ ಮೊದಲನೆಯದು 12 ಭಾಗದ ಕಂಪನ, ಅದರಲ್ಲಿ ಅಷ್ಟೇನೂ ಬಲ ಇರುವುದಿಲ್ಲ. ಉದ್ದವನ್ನು ಹೆದೆಯ ತುದಿಯ ಕುಣಿಕೆಯಿಂದ ಅಳೆಯಬೇಡಿ, ಹೆದೆ ಲಿಂಬನ್ನು ಬಿಟ್ಟು ಮೇಲೇಳುವ ಜಾಗದಿಂದ ಅಳೆಯಿರಿ. ಅದು 135 ಸೆಂ.ಮೀ. ಇದ್ದರೆ ಮೇಲಿನಿಂದ 45, ಕೆಳಗಿನಿಂದ 34 ಸೆಂ.ಮೀ.

ಸಾಮಾನು ಊರಲ್ಲೇ ಸಿಗುತ್ತದೆ. ರಾಣೆಬೆನ್ನೂರು ಸೀಮೆಯಲ್ಲಿ ಕಂಬಳಿಗೆ ನೂಲುವ ಒರಟು ಕುರಿ ಉಣ್ಣೆಯ ಎಳೆಯನ್ನು ನಾಲ್ಕು ಸೆಂ.ಮೀ. ಅಗಲದ ರಟ್ಟಿಗೆ ಹತ್ತು-ಹನ್ನೆರಡು ಸುತ್ತು ಸುತ್ತಿ, ಒಂದು ಬದಿ ಕತ್ತರಿಸಿ. ಹೆದೆ ಇಳಿಸಿ ಅದರ ಎಳೆಗಳನ್ನು ಸಮನಾಗಿ ಎರಡು ಪಾಲು ಮಾಡಿ (16 ಎಳೆಯಿದ್ದರೆ ಎಂಟು-ಎಂಟು), ನಡುವೆ ಉಣ್ಣೆ ತೂರಿಸಿ, ಮೇಣ ಹಚ್ಚಿದ ದಾರದಿಂದ ಎರಡೂ ಕಡೆ ಬಿಗಿದು, ಮೂರು ಸೆಂ.ಮೀ. ಗುಂಡಗೆ ಕತ್ತರಿಸಿ. ತಯಾರಾದ ಒಂದೊಂದು ಒಂದು ಗ್ರಾಂ ಮೀರಬಾರದು. ಪತ್ತಾರರ ತಕ್ಕಡಿಯಲ್ಲಿ ತೂಗಿಸಿದರೆ ತಿಳಿಯುತ್ತದೆ.

ತೂಕದ ಮೇಲೆ ಇಷ್ಟು ಕಟ್ಟುನಿಟ್ಟು ಯಾಕೆಂದರೆ ಹೆದೆಗೆ ಕಟ್ಟಿದ್ದನ್ನೂ ಬಾಣದ ಜೊತೆಗೇ ಓಡಿಸಬೇಕು. ಹೆದೆಯ ನಡುಭಾಗ ಬಾಣದಷ್ಟೇ ವೇಗದಲ್ಲಿ ಸಾಗುತ್ತದೆ, ತುದಿಗೆ ಹೋದಂತೆ ವೇಗ ಕಡಿಮೆ. ಮೂರನೇ ಒಂದರಲ್ಲಿ ಕಟ್ಟಿದ ಒಂದು ಗ್ರಾಂ ಹೆಚ್ಚುಕಡಿಮೆ ಬಾಣಕ್ಕೆ ಸೇರಿಸಿದ 0.44 ಗ್ರಾಮಿಗೆ ಸಮ, ನಾಲ್ಕನೇ ಒಂದರಲ್ಲಿ 0.25 ಗ್ರಾಮಿಗೆ ಸಮ. ಎರಡೂ ಸೇರಿ ನಮ್ಮ ಬಿಲ್ಲಿನ ವೇಗವನ್ನು ಸೆಕೆಂಡಿಗೆ ಸುಮಾರು 0.6 ಮೀಟರ್ ಇಳಿಸುತ್ತವೆ. ಸಣ್ಣದೆನಿಸಬಹುದು, ಆದರೆ 70 ಮೀಟರಿನಲ್ಲಿ ಬಾಣ ಸುಮಾರು 20 ಸೆಂ.ಮೀ. ಕೆಳಗೆ ಬೀಳುತ್ತದೆ, ಅಲ್ಲಿ ಹತ್ತು ಅಂಕದ ವೃತ್ತದ ವ್ಯಾಸವೇ 12.2 ಸೆಂ.ಮೀ. ಸೈಲೆನ್ಸರ್ ಕಟ್ಟಿದ ದಿನ ಸೈಟನ್ನು ಮತ್ತೆ ಹೊಂದಿಸಲೇಬೇಕು. ಸ್ಪರ್ಧೆಗೆ ಹೋಗುವವರು ತಮ್ಮ ವಿಭಾಗದ ನಿಯಮವನ್ನೂ ನೋಡಿಕೊಳ್ಳಲಿ.

ಧಾರವಾಡದ ಜೂನ್-ಜುಲೈ ಮಳೆಯಲ್ಲಿ ಉಣ್ಣೆ ನೀರು ಕುಡಿದು ಭಾರವಾಗುತ್ತದೆ, ಬಾಣ ಇನ್ನಷ್ಟು ಕೆಳಗಿಳಿಯುತ್ತದೆ. ಆ ತಿಂಗಳುಗಳಿಗೆ ಸ್ವೆಟರ್ ಹೆಣೆಯುವ ಅಕ್ರಿಲಿಕ್ ನೂಲು ವಾಸಿ: ನಾರಿನೊಳಗೆ ನೀರು ಅಷ್ಟಾಗಿ ಹೋಗುವುದಿಲ್ಲ, ಝಾಡಿಸಿದರೆ ಬಹಳಷ್ಟು ಉದುರುತ್ತದೆ. ರಬ್ಬರಿನ ಸೈಲೆನ್ಸರ್‌ಗೆ ನೀರಿನ ಕಾಟವಿಲ್ಲ, ಆದರೆ ಗದಗದ ಬೇಸಿಗೆಯ ಬಿಸಿಲಿನಲ್ಲಿಟ್ಟರೆ ಬಿರುಕು ಬಿಡುತ್ತದೆ. ಹೆದೆ ಲಿಂಬಿಗೆ ಬಡಿಯುವ ಜಾಗಕ್ಕೆ ತೆಳು ಮಖಮಲ್ ಪಟ್ಟಿ ಅಂಟಿಸುವುದು ಅಗ್ಗದ ಉಪಾಯ, ರಿಕರ್ವ್‌ಗೆ ಮಾತ್ರ. ಬಿದಿರಿನ ನೇರ ಬಿಲ್ಲಿನಲ್ಲಿ ಹೆದೆ ಲಿಂಬಿನ ಮೇಲೆ ಮಲಗುವುದೇ ಇಲ್ಲ, ಅಲ್ಲಿ ಪಟ್ಟಿಯಿಂದ ಉಪಯೋಗವಿಲ್ಲ.

ತೋಳಿನ ತುದಿಗಳಲ್ಲಿ ರಾಟೆಗಳಿರುವ ಕಾಂಪೌಂಡ್ ಬಿಲ್ಲಿಗೆ ಹೆದೆಯನ್ನು ತಡೆಯುವ ರಬ್ಬರ್ ತುದಿಯ ಸರಳು ಇರುತ್ತದೆ. ಬಿಲ್ಲು ಸುಮ್ಮನಿದ್ದಾಗ ರಬ್ಬರಿಗೂ ಹೆದೆಗೂ ನಡುವೆ ಎಟಿಎಂ ಕಾರ್ಡ್ ಒಂದು ತೂರುವಷ್ಟು ಸಂದಿ ಸಾಕು. ಒತ್ತಿ ನಿಂತರೆ ಹೆದೆಯನ್ನು ಅದರ ಜಾಗದಿಂದ ತಳ್ಳುತ್ತದೆ, ದೂರ ನಿಂತರೆ ಕಂಪನ ತಡೆಯುವುದಿಲ್ಲ. ರಬ್ಬರಿನಲ್ಲಿ ಹೆದೆ ಬಡಿದು ಗೀರು ಆಳವಾದಂತೆ ಸಂದಿ ತಾನೇ ಅಗಲವಾಗುತ್ತದೆ, ಆದ್ದರಿಂದ ಅದನ್ನು ಆಗಾಗ ಕಾರ್ಡ್ ತೂರಿಸಿ ನೋಡಬೇಕು.