ಗಾರೆ ಇಲ್ಲದ ಗಾರೆ ಕೆಲಸ

ನಮ್ಮ ಕಡೆ ಮನೆ ಕಟ್ಟುವವರನ್ನು ಈಗಲೂ ಗಾರೆ ಕೆಲಸದವರು ಅಂತಲೇ ಕರೆಯುತ್ತೇವೆ. ಅವರ ಬಾಂಡ್ಲಿಯಲ್ಲಿರುವುದು ಮಾತ್ರ ಸಿಮೆಂಟು. ಗಾರೆ ಅಂದರೆ ಸುಣ್ಣ, ಮರಳು ಸೇರಿಸಿ ಗಾಣದಲ್ಲಿ ಅರೆದದ್ದು. ಅದು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಉಳಿದಿದೆ.

ಚಿತ್ರದುರ್ಗದ ಹತ್ತಿರದ ಹಳ್ಳಿಯಲ್ಲಿ ನಮ್ಮದೊಂದು ಮಾಳಿಗೆ ಮನೆ ಇದೆ. ದಪ್ಪ ಮಣ್ಣಿನ ಗೋಡೆ, ಮರದ ಜಂತೆ, ಅದರ ಮೇಲೆ ಮಣ್ಣು. ಅಜ್ಜ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಕರಲು ಮಣ್ಣು ಹೊರಿಸುತ್ತಿದ್ದರು. ಬೆಳೆ ಬಾರದ ಆ ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೆನೆದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ. ನೀರು ಇಳಿಯದೆ ಹರಿದುಹೋಗುತ್ತದೆ. ಅಜ್ಜನಿಗೆ ಸೋಡಿಯಂ ಗೊತ್ತಿರಲಿಲ್ಲ. ಯಾವ ಹೊಲದ ಮಣ್ಣು ಅಂತ ಗೊತ್ತಿತ್ತು.

ಅಜ್ಜ ಹೋದ ಮೇಲೆ, ಗೋಡೆ ಉದುರುತ್ತಿದೆ ಅಂತ ಹೊರಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ನಾಲ್ಕನೇ ಮಳೆಗಾಲಕ್ಕೆ ಅದು ಹಲಗೆಯ ಹಾಗೆ ಕಳಚಿ ಬಿತ್ತು. ಜೊತೆಗೆ ನಾಲ್ಕು ಬೆರಳು ಮಣ್ಣನ್ನೂ ಎಳೆದುಕೊಂಡೇ ಬಿತ್ತು.

ಸಿಮೆಂಟ್ ಕಳಪೆ ಅಂತ ಊರವರು ಬೈದರು. ಅಲ್ಲ, ಅದು ಗಟ್ಟಿಯಾಗಿದ್ದದ್ದೇ ತೊಂದರೆ. ನೆಲದ ತೇವ ಮಣ್ಣಿನ ಗೋಡೆಯಲ್ಲಿ ಮೇಲೇರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ. ಬರುವಾಗ ನೆಲದ ಉಪ್ಪನ್ನೂ ಕರಗಿಸಿ ತರುತ್ತದೆ. ಗೋಡೆಯ ಮೈಯಲ್ಲಿ ಸಣ್ಣ ಸಣ್ಣ ತೂತುಗಳಿದ್ದರೆ ನೀರು ಆವಿಯಾಗಿ, ಉಪ್ಪು ಹೊರಗೆ ಬೆಳ್ಳಗೆ ಕೂರುತ್ತದೆ. ಹಳೇ ನೀರಿನ ಗಡಿಗೆಯ ಹೊರಮೈ ನೋಡಿ, ಅದೇ ಬಿಳಿ. ಗಡಿಗೆಗೆ ಪೇಂಟ್ ಹೊಡೆದರೆ ನೀರು ತಣ್ಣಗಾಗುವುದಿಲ್ಲ, ಅಲ್ವಾ? ಸಿಮೆಂಟ್ ಬಳಿದ ಗೋಡೆಯೂ ಅಂಥದ್ದೇ ಗಡಿಗೆ. ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಮಣ್ಣನ್ನು ಒಳಗಿಂದಲೇ ಒತ್ತುತ್ತದೆ. ನೆನೆದಾಗ ಕರಗುತ್ತದೆ, ಒಣಗಿದಾಗ ಮತ್ತೆ ಹರಳಾಗಿ ಒತ್ತುತ್ತದೆ. ಚಳ್ಳಕೆರೆ ಕಂಬಳಿ ಹೊದ್ದವನು ಬೆಳಗ್ಗೆ ಬೆಚ್ಚಗೆ ಏಳುತ್ತಾನೆ. ಪ್ಲಾಸ್ಟಿಕ್ ಹೊದ್ದವನು ಬೆವತು ತೊಪ್ಪೆ. ಇನ್ನೂ ಒಂದು ಹೇಳಿಬಿಡುತ್ತೇನೆ. ಸವೆದ ಸೀರೆಯ ಕೌದಿಗೆ ಜೀನ್ಸ್ ತೇಪೆ ಹಾಕಿದರೆ ಹರಿಯುವುದು ತೇಪೆ ಅಲ್ಲ, ಸುತ್ತಲಿನ ಸೀರೆ. ರಿಪೇರಿಗೆ ಹಚ್ಚುವುದು ಹಳೆಯದಕ್ಕಿಂತ ಮೆತ್ತಗಿರಬೇಕು. ಸವೆದರೆ ಅದೇ ಸವೆಯಲಿ, ಮತ್ತೆ ಹಚ್ಚಬಹುದು.

ಸುಣ್ಣ ಅಂಥ ಮೆತ್ತಗಿನ ವಸ್ತು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಹಚ್ಚಿದರೆ ಗಾಳಿಯಿಂದ ಅದನ್ನೇ ವಾಪಸ್ ಹೀರಿ ನಿಧಾನಕ್ಕೆ ಕಲ್ಲಾಗುತ್ತದೆ. ಕೂದಲೆಳೆ ಬಿರುಕು ಬಿಟ್ಟರೆ, ಇಳಿದ ನೀರಿನಲ್ಲಿ ಸ್ವಲ್ಪ ಸುಣ್ಣ ಕರಗಿ ಬಿರುಕಿನಲ್ಲೇ ಮತ್ತೆ ಕೂರುತ್ತದೆ. ಗಾರೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದದ್ದು ನಿಜ. ಆದರೆ ಬೆಲ್ಲದಿಂದಲೇ ಕೋಟೆ ನಿಂತಿದೆ ಅನ್ನುವ ವಾಟ್ಸ್ಯಾಪ್ ವಿಜ್ಞಾನ ಕೇಳಿದರೆ ನಗು ಬರುತ್ತದೆ. ದುರ್ಗದ ಕೋಟೆಯ ದೊಡ್ಡ ಕಲ್ಲುಗಳನ್ನು ಗಾರೆಯೇ ಇಲ್ಲದೆ ಕೂರಿಸಿದ್ದಾರೆ! ಮಳೆ ನೀರು ಆ ಸಂದುಗಳಲ್ಲಿ ಹೊರಬೀಳುತ್ತದೆ. ಅಲ್ಲಿ ಸಿಮೆಂಟ್ ತುಂಬಿದರೆ ಕಲ್ಲಿನ ಹಿಂಬದಿಯ ಮಣ್ಣು ನೀರು ಕುಡಿದು ಗೋಡೆಯನ್ನು ಮುಂದಕ್ಕೆ ತಳ್ಳುತ್ತದೆ, ಗೋಡೆಗೆ ಹೊಟ್ಟೆ ಬರುತ್ತದೆ.

ಸಿಮೆಂಟಿಲ್ಲದೆ ಏನೂ ನಿಲ್ಲದು ಅನ್ನುವವರಿಗೆ ಒಂದು ಲೆಕ್ಕ. ಹರಿಹರದ ಹರಿಹರೇಶ್ವರ ಗುಡಿ ಕಟ್ಟಿದ್ದು 1224ರಲ್ಲಿ. ನಾವೀಗ ಬಳಸುವ ಬಗೆಯ, ಪೋರ್ಟ್‌ಲ್ಯಾಂಡ್ ಅನ್ನುವ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ.

ಅಥೆನ್ಸ್‌ನ ಪಾರ್ಥೆನಾನ್ ಗುಡಿಯಲ್ಲೂ ಇಂಥದ್ದೇ ಎಡವಟ್ಟು ಆಯಿತು. ಅದನ್ನು ಕಟ್ಟಿದವರು ಕಲ್ಲು ಬಿಗಿಯುವ ಕಬ್ಬಿಣದ ಸುತ್ತ ಸೀಸ ಹುಯ್ದಿದ್ದರು. 20ನೇ ಶತಮಾನದ ಶುರುವಿನಲ್ಲಿ ರಿಪೇರಿ ಮಾಡಿದ ನಿಕೊಲಾಸ್ ಬಲಾನೋಸ್ ಸೀಸವಿಲ್ಲದ ಕಬ್ಬಿಣ ಹಾಕಿದರು. ಅದು ತುಕ್ಕು ಹಿಡಿದು, ಉಬ್ಬಿ, ಅಮೃತಶಿಲೆಯನ್ನೇ ಸೀಳಿತು. ಆಮೇಲೆ ಬಂದವರು ಅದನ್ನು ಕಿತ್ತು ಟೈಟೇನಿಯಂ ಹಾಕಬೇಕಾಯಿತು.

ಅಜ್ಜ ಮಣ್ಣು ಹೊರಿಸುತ್ತಿದ್ದದ್ದು ಸಂರಕ್ಷಣೆ, ಕೆಡುವ ಮುಂಚೆಯೇ ಕಾಯುವುದು. ನಾವು ಮಾಡಲು ಹೋಗಿ ಕೆಡಿಸಿದ್ದು ದುರಸ್ತಿ. ಹಿಂದಿನ ರೂಪಕ್ಕೆ ತರುವುದು ಇನ್ನೊಂದು ಕೆಲಸ, ಅದೇ ಎಲ್ಲಕ್ಕಿಂತ ಕಷ್ಟ. ಯಾವ ಹಿಂದಿನ ರೂಪ? ಹೈದರ್ ಅಲಿ ದುರ್ಗ ಗೆದ್ದದ್ದು 1779ರಲ್ಲಿ. ನಾಯಕರ ಕೋಟೆಗೆ ಆಮೇಲೂ ಕಟ್ಟಡಗಳು ಸೇರಿದವು. ಮದಕರಿಯ ಕಾಲಕ್ಕೇ ಒಯ್ಯಬೇಕೆಂದರೆ ಅವನ್ನೆಲ್ಲ ಒಡೆಯಬೇಕಾ? ಕೋಟೆಯೊಳಗೆ ಮೊಂಡಾಗಿ ನಿಂತ ಮಣ್ಣಿನ ಗೋಡೆಗಳಿಗೆ ಚಾವಣಿ ಹೀಗಿದ್ದಿರಬಹುದು ಅಂತ ಕಟ್ಟಿದರೆ ಅದು ಸಿನಿಮಾ ಸೆಟ್. ಊಹೆ ಶುರುವಾಗುವ ಕಡೆ ಕೆಲಸ ನಿಲ್ಲಬೇಕು ಅನ್ನುತ್ತದೆ ಹಳೇ ಸ್ಮಾರಕಗಳನ್ನು ಕಾಯುವ ಬಗ್ಗೆ ಹಲವು ದೇಶಗಳ ತಜ್ಞರು ಬರೆದ 1964ರ ವೆನಿಸ್ ಸನ್ನದು.

ನಮ್ಮ ಊರುಗಳಲ್ಲಿ ಜೀರ್ಣೋದ್ಧಾರ ಅಂದರೆ ಇದ್ಯಾವುದೂ ಅಲ್ಲ. ಹಳೇ ಗುಡಿ ಕೆಡವಿ ಟೈಲ್ಸ್ ಹಾಕುವುದು, ಕೆತ್ತನೆಗೆ ಆಯಿಲ್ ಪೇಂಟ್ ಬಳಿಯುವುದು. ನಿಧಿ ಆಸೆಗೆ ಗರ್ಭಗುಡಿ ಅಗೆಯುವವರು ಒಂದು ಕಡೆ, ಭಕ್ತಿಯಿಂದ ಕೆಡವುವವರು ಇನ್ನೊಂದು ಕಡೆ.

ನಮ್ಮ ಮನೆಯ ಸಿಮೆಂಟ್ ಪೂರ್ತಿ ಕೀಳಿಸಿ, ಎರಡು ಬೇಸಿಗೆ ಒಣಗಲು ಬಿಟ್ಟು, ಮಣ್ಣು ಮೆತ್ತಿ ಸುಣ್ಣ ಬಳಿಸಿದೆವು. ಗೋಡೆ ಬುಡದಲ್ಲಿ ಬಿಳಿ ಉಪ್ಪು ಇನ್ನೂ ಏಳುತ್ತದೆ. ಅಮ್ಮ ಅದನ್ನು ಪೊರಕೆಯಲ್ಲಿ ಗುಡಿಸಿ ಹಾಕುತ್ತಾರೆ. ಮಾಳಿಗೆ ಮಾತ್ರ ಈಗಲೂ ಸೋರುತ್ತಿದೆ. ಅಜ್ಜ ಕರಲು ಮಣ್ಣು ಯಾವ ಹೊಲದಿಂದ ತರಿಸುತ್ತಿದ್ದರು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ.